ಗೂಬೆ, ಆಮೆ, ಅಥೀನಾ: ಹಳೇ ಗ್ರೀಕ್ ನಾಣ್ಯ ಕೂಡಿಡಲು ಶುರು ಮಾಡುವವರಿಗೆ

"ಗೂಬೆ ಇರೋ ಗ್ರೀಕ್ ನಾಣ್ಯ ಎಲ್ಲಿ ಸಿಗುತ್ತೆ? ಅಸಲಿ ಅಂತ ಹೇಗೆ ಗೊತ್ತಾಗುತ್ತೆ? ಇಟ್ಟುಕೊಂಡರೆ ಕಾನೂನಿನ ತೊಂದರೆ ಇಲ್ವಾ?" ನಾಣ್ಯಗಳ ಬಗ್ಗೆ ಬರೆಯಲು ಶುರು ಮಾಡಿದ ಮೇಲೆ ಈ ಮೂರು ಪ್ರಶ್ನೆ ಬರದ ತಿಂಗಳಿಲ್ಲ. ಕೇಳುವವರಲ್ಲಿ ಹೆಚ್ಚಿನವರು ಟಿಪ್ಪುವಿನ ಆನೆ ಕಾಸನ್ನೋ ವಿಜಯನಗರದ ಗಂಡಭೇರುಂಡವನ್ನೋ ಕೈಯಲ್ಲಿ ಹಿಡಿದು ನೋಡಿ ಮನಸೋತವರು. ಅಲ್ಲಿಂದ ಗ್ರೀಕರ ಪ್ರಾಣಿಗಳ ಕಡೆ ಕಣ್ಣು ಹೋಗುವುದು ಸಹಜವೇ. ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು, ಶುರುವಿನಿಂದ ಒಂದೊಂದೇ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲೇ ಒಂದು ಮಾತು. ಈ ಹವ್ಯಾಸದಲ್ಲಿ ನಾಣ್ಯಕ್ಕಿಂತ ಮುಂಚೆ ನೋಡಬೇಕಾದ್ದು ಅದರ ಕಾಗದ. ಎಷ್ಟೇ ಚೆಂದದ ಗೂಬೆಯಾದರೂ ಅದು ಎಲ್ಲಿಂದ ಬಂತು ಅನ್ನುವುದಕ್ಕೆ ದಾಖಲೆ ಇಲ್ಲದಿದ್ದರೆ ಕೈ ಹಿಂದೆಗೆಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಶುರು ಮಾಡುವ ಮುಂಚೆ ಬೇಕಾಗುವ ಸಾಮಾನು ಕಡಿಮೆಯೇ. 0.01 ಗ್ರಾಂವರೆಗೆ ತೂಗುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮಿಲಿಮೀಟರ್ ಅಳೆಯುವ ಕ್ಯಾಲಿಪರ್, ಒಂದು ನೋಟ್‌ಬುಕ್. ಅಷ್ಟೇ.

ಕೆಲವು ಪದಗಳೂ ಗೊತ್ತಿರಲಿ. ಲೋಹದ ಬಿಲ್ಲೆಯನ್ನು ಎರಡು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದರೆ ನಾಣ್ಯ. ಕೆಳಗಿನ ಅಚ್ಚು ಅಡಿಗಲ್ಲಿನಲ್ಲಿ ಕೂತಿರುತ್ತಿತ್ತು. ಅದರಿಂದ ಮೂಡಿದ್ದು ಮುಂಬದಿ. ಕೈಯಲ್ಲಿ ಹಿಡಿದ ಮೇಲಿನ ಅಚ್ಚಿನಿಂದ ಮೂಡಿದ್ದು ಹಿಂಬದಿ. ತೀರಾ ಹಳೆಯ ನಾಣ್ಯಗಳ ಹಿಂಬದಿಯಲ್ಲಿ ಚಿತ್ರ ಇರುವುದಿಲ್ಲ, ಮೇಲಿನ ಅಚ್ಚು ಒತ್ತಿದ ಚೌಕದ ಗುಣಿ ಮಾತ್ರ ಇರುತ್ತದೆ. ಒಬೊಲ್ ಅಂದರೆ ಪುಟ್ಟ ಬೆಳ್ಳಿ ಚಿಲ್ಲರೆ. ಆರು ಒಬೊಲ್ ಸೇರಿದರೆ ಒಂದು ಡ್ರಾಕ್ಮ. ನಾಲ್ಕು ಡ್ರಾಕ್ಮದ ನಾಣ್ಯಕ್ಕೆ ಟೆಟ್ರಾಡ್ರಾಕ್ಮ ಅನ್ನುತ್ತಾರೆ. ಅಥೆನ್ಸಿನ ಲೆಕ್ಕದಲ್ಲಿ ಡ್ರಾಕ್ಮ ಸುಮಾರು 4.3 ಗ್ರಾಂ, ಟೆಟ್ರಾಡ್ರಾಕ್ಮ ಸುಮಾರು 17.2 ಗ್ರಾಂ. ಬೇರೆ ಊರುಗಳ ತೂಕ ಬೇರೆ. ಸ್ಟೇಟರ್ ಅನ್ನುವುದು ಆಯಾ ಊರಿನ ಮುಖ್ಯ ನಾಣ್ಯದ ಹೆಸರು.

ಹಂತ 1: ಕಾನೂನು ತಿಳಿದುಕೊಳ್ಳಿ

ಇದನ್ನು ಕೊನೆಗೆ ನೋಡೋಣ ಅಂತ ಬಿಟ್ಟವರೇ ಜಾಸ್ತಿ ಸಿಕ್ಕಿಬೀಳುವುದು.

ಭಾರತದಲ್ಲಿ 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ ಇದೆ. ಅದರ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತು. ಅದನ್ನು ಮಾರುವ ವ್ಯಾಪಾರ ಮಾಡಲು ಪರವಾನಗಿ ಬೇಕು. ದೇಶದ ಹೊರಗೆ ಕಳಿಸುವ ಹಕ್ಕು ಕೇಂದ್ರ ಸರ್ಕಾರಕ್ಕೆ, ಇಲ್ಲವೇ ಅದು ಒಪ್ಪಿಗೆ ಕೊಟ್ಟ ಸಂಸ್ಥೆಗೆ ಮಾತ್ರ. ನಾಣ್ಯ ಗ್ರೀಸಿನದ್ದಾದರೂ ಅಷ್ಟೇ, ನಮ್ಮದಾದರೂ ಅಷ್ಟೇ.

ಇದರಿಂದ ಎರಡು ತೊಡಕು ಬರುತ್ತವೆ. ಒಂದು, ವಿದೇಶದಿಂದ ತರಿಸಿದ ನಾಣ್ಯ ಇಷ್ಟವಾಗಲಿಲ್ಲ ಅಂತ ಸುಮ್ನೆ ಕೊರಿಯರ್‌ನಲ್ಲಿ ವಾಪಸ್ ಕಳಿಸುವ ಹಾಗಿಲ್ಲ. ಅದು ನಕಲಿ ಅಂತ ಗೊತ್ತಾದರೂ, 'ಇದು ಪ್ರಾಚೀನ ವಸ್ತು ಅಲ್ಲ' ಅನ್ನುವ ಪತ್ರವನ್ನು ಪುರಾತತ್ವ ಇಲಾಖೆಯಿಂದ ಪಡೆಯಬೇಕಾಗುತ್ತದೆ. ಆದ್ದರಿಂದ ಅನುಮಾನ ಎಲ್ಲ ದುಡ್ಡು ಕೊಡುವ ಮುಂಚೆಯೇ ತೀರಬೇಕು. ಎರಡನೆಯದು ಹೊರದೇಶದಲ್ಲಿರುವ ಕನ್ನಡಿಗರಿಗೆ. ಊರಿಗೆ ಬರುವಾಗ ಅಪ್ಪ ಅಮ್ಮನಿಗೆ ತೋರಿಸೋಣ ಅಂತ ಸಂಗ್ರಹವನ್ನು ಬ್ಯಾಗಿನಲ್ಲಿ ತಂದರೆ, ತಿರುಗಿ ಹೋಗುವಾಗ ವಿಮಾನ ನಿಲ್ದಾಣದಲ್ಲಿ ತಡೆಯಬಹುದು. ಫೋಟೊ ತನ್ನಿ, ನಾಣ್ಯ ಅಲ್ಲೇ ಇರಲಿ.

ಅಮೆರಿಕದಲ್ಲಿ ಇರುವವರಿಗೆ ಇನ್ನೊಂದು ವಿಷಯ. ಗ್ರೀಸ್ ಜೊತೆಗಿನ ಒಪ್ಪಂದದಿಂದಾಗಿ 2011ರ ಕೊನೆಯಿಂದ ಹಲವು ಬಗೆಯ ಗ್ರೀಕ್ ನಾಣ್ಯಗಳ ಆಮದಿಗೆ ಅಲ್ಲಿ ನಿರ್ಬಂಧ ಇದೆ. ನಾಣ್ಯ ಅದಕ್ಕೂ ಮುಂಚೆಯೇ ಗ್ರೀಸಿನಿಂದ ಹೊರಗಿತ್ತು ಅನ್ನುವ ದಾಖಲೆ ಕೇಳುತ್ತಾರೆ. ಇನ್ನು ಪ್ರವಾಸಕ್ಕೆ ಹೋದವರು ಗ್ರೀಸ್‌ನಲ್ಲೋ ಟರ್ಕಿಯಲ್ಲೋ ಬೀದಿಯಲ್ಲಿ ಯಾರಾದರೂ 'ಹೊಲದಲ್ಲಿ ಸಿಕ್ಕಿದ್ದು' ಅಂತ ನಾಣ್ಯ ತೋರಿಸಿದರೆ ಮುಟ್ಟಲೂ ಹೋಗಬೇಡಿ. ನಕಲಿಯಾದರೆ ದುಡ್ಡು ಹೋಯಿತು. ಅಸಲಿಯಾದರೆ ಜೈಲು.

ಹಂತ 2: ಒಂದು ದಾರಿ ಆರಿಸಿಕೊಳ್ಳಿ

ಗ್ರೀಕರಲ್ಲಿ ಒಂದೊಂದು ಊರೂ ಒಂದೊಂದು ರಾಜ್ಯ, ಒಂದೊಂದಕ್ಕೂ ತನ್ನದೇ ಗುರುತು. ಐಜಿನಾ ದ್ವೀಪಕ್ಕೆ ಆಮೆ. ಕೊರಿಂತ್‌ಗೆ ರೆಕ್ಕೆಯ ಕುದುರೆ ಪೆಗಾಸಸ್. ಎಫೆಸಸ್‌ಗೆ ಜೇನುನೊಣ, ಯಾಕೆಂದರೆ ಅದು ಅಲ್ಲಿನ ಆರ್ಟೆಮಿಸ್ ದೇವಿಯ ಗುರುತು. ಸಿಸಿಲಿಯ ಅಕ್ರಗಸ್‌ಗೆ ಹದ್ದು ಮತ್ತು ಏಡಿ. ಕೆಲವು ಊರು ತಮ್ಮ ಹೆಸರಿನ ಮೇಲೇ ಆಟ ಕಟ್ಟಿವೆ. ಫೊಕೇಯಾದವರು ಸೀಲ್ ಅನ್ನುವ ಕಡಲಪ್ರಾಣಿಯನ್ನು ಹಾಕಿದರು, ಗ್ರೀಕಿನಲ್ಲಿ ಅದರ ಹೆಸರು ಫೋಕೆ. ರೋಡ್ಸ್ ದ್ವೀಪದವರು ಗುಲಾಬಿ ಹಾಕಿದರು, ಅದರ ಹೆಸರು ರೊಡಾನ್.

ಎಲ್ಲ ಊರಿನದ್ದೂ ಬೇಕು ಅಂತ ಹೊರಟರೆ ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ. ಮೊದಲ ವರ್ಷಕ್ಕೆ ಕೆಳಗಿನ ಮೂರರಲ್ಲಿ ಒಂದನ್ನು ಹಿಡಿಯಿರಿ.

ಪುಟ್ಟ ಬೆಳ್ಳಿ ಪ್ರಾಣಿಗಳು. ಹೊಸಬರಿಗೆ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಈಗಿನ ಗಲಿಪೊಲಿ ಇರುವ ಕಡೆ, ಥ್ರೇಸಿನ ಕೆರ್ಸೊನೆಸಸ್‌ನಲ್ಲಿ ಕ್ರಿ.ಪೂ. 4ನೇ ಶತಮಾನದಲ್ಲಿ ಅರ್ಧ ಡ್ರಾಕ್ಮದ ನಾಣ್ಯ ಹೊಡೆದರು. ಮುಂಬದಿಯಲ್ಲಿ ಕತ್ತು ತಿರುಗಿಸಿ ಹಿಂದೆ ನೋಡುವ ಸಿಂಹ. ಹಿಂಬದಿಯಲ್ಲಿ ನಾಲ್ಕು ಭಾಗ ಮಾಡಿದ ಗುಣಿ, ಅದರಲ್ಲಿ ಚುಕ್ಕಿಗಳು, ಪುಟಾಣಿ ಚಿಹ್ನೆಗಳು. ಈ ಚಿಹ್ನೆ ನಾಣ್ಯದಿಂದ ನಾಣ್ಯಕ್ಕೆ ಬದಲಾಗುತ್ತದೆ, ಅದನ್ನೇ ಬೆನ್ನುಹತ್ತಿ ಕೂಡಿಡುವವರಿದ್ದಾರೆ. ತೂಕ ಸುಮಾರು 2.3 ಗ್ರಾಂ, ಅಗಲ ನಮ್ಮ ಹತ್ತು ರೂಪಾಯಿ ನಾಣ್ಯದ ಅರ್ಧದಷ್ಟು. ಇದೇ ಗಾತ್ರದ್ದು ಪಾರಿಯಮ್ ಊರಿನದ್ದೂ ಇದೆ: ಒಂದು ಕಡೆ ಹಿಂದೆ ತಿರುಗಿದ ಹೋರಿ, ಇನ್ನೊಂದು ಕಡೆ ನಾಲಗೆ ಚಾಚಿದ ಗಾರ್ಗನ್ ಅನ್ನುವ ರಾಕ್ಷಸಿಯ ಮುಖ. ನಮ್ಮ ದೇವಸ್ಥಾನದ ಕೀರ್ತಿಮುಖ ನೋಡಿದವರಿಗೆ ಈ ಗಾರ್ಗನ್ ಪರಿಚಯದ ಮುಖದಂತೆ ಕಾಣುತ್ತದೆ. ಸಿಜಿಕಸ್‌ನ ಕಾಡುಹಂದಿ ಇನ್ನೂ ಚಿಕ್ಕದು, ಒಂದು ಗ್ರಾಂ ಕೂಡ ಇಲ್ಲ. ಹಂದಿಯ ಬೆನ್ನ ಹಿಂದೆ ಒಂದು ಟ್ಯೂನಾ ಮೀನು ಇರುತ್ತದೆ, ಭೂತಗನ್ನಡಿ ಹಿಡಿದೇ ಹುಡುಕಬೇಕು. ಇವೆಲ್ಲ ಸಾವಿರ ರೂಪಾಯಿಗಳ ಲೆಕ್ಕದಲ್ಲಿ ಸಿಗುತ್ತವೆ. ಒಳ್ಳೆಯ ಗೂಬೆಗೆ ಅದು ಸಾಲದು.

ಅಥೀನಾ ದೇವಿ. ಅಥೆನ್ಸ್ ಒಂದೇ ಅಲ್ಲ, ಕೊರಿಂತ್, ತೂರಿಯಮ್, ವೇಲಿಯಾ, ಲೈಸಿಮಾಕಸ್ ರಾಜನ ನಾಣ್ಯ ಎಲ್ಲದರಲ್ಲೂ ಅವಳಿದ್ದಾಳೆ. ಒಂದೊಂದು ಕಡೆ ಅವಳ ಶಿರಸ್ತ್ರಾಣ ಒಂದೊಂದು ಥರ. ಇಲ್ಲಿ ಒಂದು ಎಚ್ಚರ: ಹೆಣ್ಣಿನ ಮುಖ ಕಂಡ ತಕ್ಷಣ ದೇವಿ ಅನ್ನಬೇಡಿ. ಸಿರಾಕ್ಯೂಸಿನಲ್ಲಿ ಡಾಲ್ಫಿನ್‌ಗಳ ನಡುವೆ ಇರುವವಳು ಅರೆತೂಸಾ, ಚಿಲುಮೆಯ ಜಲಕನ್ಯೆ.

ಇಂಡೋ-ಗ್ರೀಕರು. ಅಂದರೆ ಭಾರತದ ವಾಯವ್ಯ ಭಾಗವನ್ನು ಆಳಿದ ಗ್ರೀಕ್ ರಾಜರು. ನಮಗೆ ಹತ್ತಿರದ್ದು ಇದೇ. ಬೌದ್ಧರು ಮಿಲಿಂದ ಅಂತ ಕರೆದ ಮಿನಾಂಡರ್ ರಾಜನ ಬೆಳ್ಳಿ ಡ್ರಾಕ್ಮದಲ್ಲಿ ಅಥೀನಾ ಸಿಡಿಲು ಎಸೆಯುತ್ತಾ ನಿಂತಿದ್ದಾಳೆ. ಒಂದು ಕಡೆ ಗ್ರೀಕ್ ಬರಹ, ಇನ್ನೊಂದು ಕಡೆ ಖರೋಷ್ಠಿ ಲಿಪಿಯಲ್ಲಿ ಪ್ರಾಕೃತ. ಅಪೊಲೊಡೋಟಸ್‌ನ ಚೌಕ ನಾಣ್ಯದಲ್ಲಿ ಒಂದು ಕಡೆ ಆನೆ, ಇನ್ನೊಂದು ಕಡೆ ಡುಬ್ಬದ ಹೋರಿ. 1970ರಲ್ಲಿ ಅಫ್ಘಾನಿಸ್ತಾನದ ಐ-ಖಾನುಮ್‌ನಲ್ಲಿ ಸಿಕ್ಕ ಅಗಾತೊಕ್ಲಿಸ್ ರಾಜನ ನಾಣ್ಯಗಳಲ್ಲಿ ಕೃಷ್ಣ, ಬಲರಾಮರೇ ಇದ್ದಾರೆ. ಆದರೆ ಈ ಗುಂಪಿನಲ್ಲಿ ನಕಲಿಯೂ ಕಳ್ಳಮಾಲೂ ಎರಡೂ ಜಾಸ್ತಿ. ಪರವಾನಗಿ ಇರುವವರ ಹತ್ತಿರ, ಹಳೇ ಸಂಗ್ರಹದ ದಾಖಲೆ ಇದ್ದರೆ ಮಾತ್ರ ತಗೊಳ್ಳಿ.

ಹಂತ 3: ನಾಣ್ಯ ಓದುವುದು ಕಲಿಯಿರಿ

ಕೊಳ್ಳುವ ಮುಂಚೆ ಕನಿಷ್ಠ ಇನ್ನೂರು ನಾಣ್ಯದ ಫೋಟೊ ನೋಡಿ. ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್‌ಮ್ಯಾಟಿಕ್ ಸೊಸೈಟಿ ಎರಡೂ ತಮ್ಮ ಸಂಗ್ರಹವನ್ನು ಇಂಟರ್ನೆಟ್‌ನಲ್ಲಿ ಇಟ್ಟಿವೆ, ಕಾಸಿಲ್ಲದೆ ನೋಡಬಹುದು. ಅಥೆನ್ಸಿಗೆ ಹೋಗುವವರು ಅಲ್ಲಿನ ನಾಣ್ಯ ಸಂಗ್ರಹಾಲಯ ತಪ್ಪಿಸಬೇಡಿ. ಟ್ರಾಯ್ ಅಗೆದ ಶ್ಲೀಮನ್ ಕಟ್ಟಿಸಿದ ಮನೆಯಲ್ಲೇ ಅದಿದೆ.

ಹೇಗೆ ನೋಡಬೇಕು ಅನ್ನುವುದಕ್ಕೆ ಅಥೆನ್ಸಿನ ಗೂಬೆಯನ್ನೇ ತೆಗೆದುಕೊಳ್ಳೋಣ. ನಮ್ಮ ಕಡೆ ಗೂಬೆ ಅಪಶಕುನ. ಅಲ್ಲಿ ಅದು ದೇವಿಯ ಹಕ್ಕಿ, ಜನ ಈ ನಾಣ್ಯವನ್ನೇ ಗೂಬೆ ಅಂತ ಕರೆಯುತ್ತಿದ್ದರು. ಲಾರಿಯನ್ ಗಣಿಯ ಬೆಳ್ಳಿಯಿಂದ ಕ್ರಿ.ಪೂ. 5ನೇ ಶತಮಾನದಲ್ಲಿ ಲೆಕ್ಕವಿಲ್ಲದಷ್ಟು ಹೊಡೆದರು.

ಅಗಲ ಹೆಚ್ಚುಕಡಿಮೆ ನಮ್ಮ ಐದು ರೂಪಾಯಿ ನಾಣ್ಯದಷ್ಟೇ. ದಪ್ಪ ಮಾತ್ರ ಬೇರೆ, ಕೈಗಿಟ್ಟರೆ ಪುಟ್ಟ ಬೆಳ್ಳಿ ಗಟ್ಟಿ ಇಟ್ಟ ಹಾಗೆ. ಮುಂಬದಿಯಲ್ಲಿ ಅಥೀನಾ ಬಲಕ್ಕೆ ತಿರುಗಿದ್ದಾಳೆ. ಶಿರಸ್ತ್ರಾಣದ ಮೇಲೆ ಮೂರು ಆಲಿವ್ ಎಲೆ, ಹಿಂದೆ ಬಳ್ಳಿಯ ಸುರುಳಿ. ಈಗ ಅವಳ ಕಣ್ಣು ನೋಡಿ. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಬಾದಾಮಿಯ ಹಾಗೆ ಪೂರ್ತಿ ನಮ್ಮ ಕಡೆಗೇ ಇದೆಯಾ? ಹಾಗಿದ್ದರೆ ಅದು 5ನೇ ಶತಮಾನದ ಶೈಲಿ. ಪಕ್ಕದಿಂದ ಕಾಣುವ ನಿಜವಾದ ಕಣ್ಣಿನಂತಿದ್ದರೆ 4ನೇ ಶತಮಾನದ್ದು. ಕೇಳಿದವರಿಗೆಲ್ಲ ನಾನು ಮೊದಲು ಹೇಳಿಕೊಡುವುದು ಈ ಗುರುತನ್ನೇ.

ಹಿಂಬದಿಯಲ್ಲಿ ಗೂಬೆಯ ಮೈ ಪಕ್ಕಕ್ಕೆ, ಮುಖ ಮಾತ್ರ ನೇರ ನಮ್ಮ ಕಡೆ. ಎಡಕ್ಕೆ ಮೇಲೆ ಆಲಿವ್ ಚಿಗುರು, ಅದರ ಪಕ್ಕ ಬಾಗಿದ ಪುಟ್ಟ ಚಂದ್ರ. ಬಲಕ್ಕೆ ಮೂರು ಅಕ್ಷರ: ಆಲ್ಫಾ, ಥೀಟಾ, ಎಪ್ಸಿಲಾನ್. 'ಅಥೆನ್ಸಿನವರದ್ದು' ಅಂತ ಅರ್ಥ. ಗೂಬೆ ಹೂಜಿಯ ಮೇಲೆ ನಿಂತಿದ್ದು, ಸುತ್ತ ಎಲೆಯ ಹಾರ ಇದ್ದರೆ ಅದು ಸುಮಾರು ಮುನ್ನೂರು ವರ್ಷ ಈಚಿನ ಹೊಸ ಬಗೆ.

ಶಿರಸ್ತ್ರಾಣದ ಮೇಲಿನ ಜುಟ್ಟು ನಾಣ್ಯದ ಅಂಚಿನಾಚೆ ಹೋಗಿರುವುದು ಸಾಮಾನ್ಯ. ಕೈಯಲ್ಲಿ ಹೊಡೆದ ನಾಣ್ಯ, ಅಚ್ಚು ನಡುವಿಗೇ ಬೀಳಬೇಕೆಂದಿಲ್ಲ. ಮೇಲೆ ಉಳಿಯಿಂದ ಕಡಿದ ಗಾಯ ಇದ್ದರೆ ಹೆದರಬೇಡಿ. ಒಳಗೂ ಬೆಳ್ಳಿಯೇ ಇದೆಯಾ ಅಂತ ಆ ಕಾಲದ ವ್ಯಾಪಾರಿಗಳೇ ಕಡಿದು ನೋಡುತ್ತಿದ್ದರು. ಗಾಯ ಇದ್ದರೆ ಬೆಲೆಯೂ ಇಳಿಯುತ್ತದೆ. ಕಡಿಮೆ ದುಡ್ಡಿನಲ್ಲಿ ಗೂಬೆ ಬೇಕೆನ್ನುವವರಿಗೆ ಅಂಥದ್ದನ್ನೇ ನೋಡಿ ಅನ್ನುತ್ತೇನೆ.

ಇದೇ ರೀತಿ ಐಜಿನಾದ ಆಮೆಯನ್ನೂ ನೋಡಿ. ಹಳೆಯದರಲ್ಲಿ ನುಣುಪು ಬೆನ್ನಿನ ಕಡಲಾಮೆ, ಆಮೇಲಿನದರಲ್ಲಿ ಚಿಪ್ಪಿನ ಚೌಕಗಳು ಎದ್ದು ಕಾಣುವ ನೆಲದಾಮೆ. ಕೊರಿಂತಿನ ಕುದುರೆಯ ಹೊಟ್ಟೆಯ ಕೆಳಗೆ ಕೊಪ್ಪ ಅನ್ನುವ ಹಳೇ ಅಕ್ಷರ ಇರಬೇಕು. ಲಾಂಬ್ಡ ಇದ್ದರೆ ಅದು ಕೊರಿಂತ್ ಅಲ್ಲ, ಲ್ಯೂಕಾಸ್. ಒಂದು ಅಕ್ಷರದಲ್ಲಿ ಊರೇ ಬದಲಾಗುತ್ತದೆ.

ಹಂತ 4: ಮಾರುವವರನ್ನು, ಕಾಗದವನ್ನು ಪರೀಕ್ಷಿಸಿ

1984ರಲ್ಲಿ ಟರ್ಕಿಯ ಎಲ್ಮಲಿ ಹತ್ತಿರ ಸುಮಾರು 1,900 ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಅದರಲ್ಲಿ ಅಥೆನ್ಸಿನ ಅತಿ ಅಪರೂಪದ ಹತ್ತು ಡ್ರಾಕ್ಮದ ನಾಣ್ಯಗಳೂ ಇದ್ದವು. ಕಳ್ಳಸಾಗಣೆಯಲ್ಲಿ ಅಮೆರಿಕಕ್ಕೆ ಹೋಯಿತು. ದೊಡ್ಡ ದುಡ್ಡು ಕೊಟ್ಟು ಕೊಂಡವರು ಕೋರ್ಟು ಕಚೇರಿ ಅಲೆದು, ಕೊನೆಗೆ 1999ರಲ್ಲಿ ಅದು ಟರ್ಕಿಗೆ ವಾಪಸಾಯಿತು. ಕಾಗದ ಕೇಳಿ ಅಂತ ಹೇಳುವುದಕ್ಕೆ ಒಂದು ಕಾರಣ ಇದು. ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಕದ್ದು ಅಗೆದಾಗ ನಾಣ್ಯ ಯಾವ ಮನೆಯ ನೆಲದಲ್ಲಿತ್ತು, ಪಕ್ಕದಲ್ಲಿ ಯಾವ ಮಡಕೆ ಇತ್ತು ಅನ್ನುವುದೆಲ್ಲ ಅಳಿಸಿಹೋಗುತ್ತದೆ. ಅದನ್ನು ಯಾರೂ ಮತ್ತೆ ತಂದುಕೊಡಲಾರರು. ದಾಖಲೆ ಇಲ್ಲದ ಮಾಲು ಕೊಂಡರೆ ಆ ಅಗೆತಕ್ಕೆ ಕೂಲಿ ಕೊಟ್ಟವರು ನಾವೇ ಆಗುತ್ತೇವೆ.

ಮಾರುವವರಿಗೆ ಇಷ್ಟು ಕೇಳಿ: ಇದು ಮೊದಲು ಯಾರ ಸಂಗ್ರಹದಲ್ಲಿತ್ತು? ಯಾವ ವರ್ಷದ ಯಾವ ಹರಾಜಿನಲ್ಲಿ ಬಂದಿತ್ತು? ಹಳೇ ಚೀಟಿ ಇದೆಯಾ? ಅಸಲಿತನಕ್ಕೆ ಕಾಲಮಿತಿ ಇಲ್ಲದ ಗ್ಯಾರಂಟಿ ಬರೆದುಕೊಡುತ್ತೀರಾ? 'ಹಳೇ ಯೂರೋಪಿಯನ್ ಸಂಗ್ರಹ' ಅಂತ ಬರೀ ಬಾಯಲ್ಲಿ ಹೇಳಿದರೆ ಅದು ದಾಖಲೆ ಅಲ್ಲ. ವರ್ಷ ಬೇಕು, ಹರಾಜಿನ ಸಂಖ್ಯೆ ಬೇಕು. ಹರಾಜಾಗಿದ್ದರೆ ಏಸಿಸರ್ಚ್ ಅನ್ನುವ ತಾಣದಲ್ಲಿ ಹುಡುಕಿ, ಅದೇ ನಾಣ್ಯದ ಫೋಟೊ ಸಿಗಬಹುದು.

ಪ್ಲಾಸ್ಟಿಕ್ ಡಬ್ಬಿಯಲ್ಲಿ ದರ್ಜೆ ಹಾಕಿ ಮುಚ್ಚಿದ ನಾಣ್ಯವೂ ಬರುತ್ತದೆ. ಎನ್‌ಜಿಸಿ ಅನ್ನುವ ದರ್ಜೆ ಹಾಕುವ ಸಂಸ್ಥೆ ಕೊಡುವ 5/5 ಅನ್ನುವ ಅಂಕಗಳಲ್ಲಿ ಒಂದು ಹೊಡೆತ ಎಷ್ಟು ಚೆನ್ನಾಗಿದೆ ಅನ್ನುವುದಕ್ಕೆ, ಇನ್ನೊಂದು ಮೇಲ್ಮೈಗೆ. ಒಳ್ಳೆಯ ಅಭಿಪ್ರಾಯ ಅಂತ ತಗೊಳ್ಳಿ, ಆದರೆ ಪ್ರಾಚೀನ ನಾಣ್ಯಗಳಿಗೆ ಅದು ಅಸಲಿತನದ ಗ್ಯಾರಂಟಿ ಅಲ್ಲ.

ಹಂತ 5: ತೂಗಿ, ಅಂಚು ನೋಡಿ

ನಕಲಿ ಮಾಡುವುದು ಹೊಸ ಕಸುಬೇನಲ್ಲ. ಜರ್ಮನಿಯ ಬೆಕರ್ ಅನ್ನುವವನು 19ನೇ ಶತಮಾನದ ಶುರುವಿನಲ್ಲೇ ಕೈಯಿಂದ ಅಚ್ಚು ಕೆತ್ತಿ ದೊಡ್ಡ ದೊಡ್ಡವರನ್ನು ಏಮಾರಿಸಿದ್ದ. ಬಡ ಸಿಂಹವನ್ನೂ ಬಿಡುವುದಿಲ್ಲ, ಕೆರ್ಸೊನೆಸಸ್ ನಾಣ್ಯಕ್ಕೂ ನಕಲಿ ಬಹಳ ಇವೆ.

ಭೂತಗನ್ನಡಿಯಲ್ಲಿ ಮೊದಲು ಅಂಚು ನೋಡಿ. ಎರಕ ಹೊಯ್ದ ನಕಲಿಯಾದರೆ ಸುತ್ತ ಬೆಸುಗೆಯಂಥ ಗೆರೆ, ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಇರುತ್ತದೆ. ಮೈಮೇಲೆ ಸೂಜಿಮೊನೆಯಷ್ಟು ಗುಳ್ಳೆ ಗುಣಿ. ಕೂದಲು, ಗರಿಗಳ ಗೆರೆ ಬಳಸಿದ ಸೋಪಿನ ಹಾಗೆ ಮೊಂಡು. ಆಮೇಲೆ ಅದೇ ನಾಣ್ಯದ ಅವಳಿ ಇಂಟರ್ನೆಟ್‌ನಲ್ಲಿ ಇದೆಯಾ ಹುಡುಕಿ. ಒಂದೇ ಅಚ್ಚಿನ ಎರಡು ನಾಣ್ಯ ಇರಬಹುದು. ಆದರೆ ಅಂಚಿನ ಸೀಳು, ಗೀರು, ಪಕ್ಕಕ್ಕೆ ಸರಿದ ರೀತಿ ಎಲ್ಲ ಎರಡರಲ್ಲೂ ಒಂದೇ ಆಗಿರಲು ಸಾಧ್ಯವಿಲ್ಲ. ಹಾಗಿದ್ದರೆ ನಕಲಿ.

ದೊಡ್ಡ ನಾಣ್ಯಕ್ಕೆ ನೀರಿನ ಪರೀಕ್ಷೆ ಮಾಡಿ. ತಕ್ಕಡಿಯ ಮೇಲೆ ಚಿಕ್ಕ ಲೋಟದಲ್ಲಿ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ನೀರಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿ, ತಳಕ್ಕೂ ಪಕ್ಕಕ್ಕೂ ತಾಗಬಾರದು. ತಕ್ಕಡಿ ತೋರಿಸಿದ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. 17.20 ಗ್ರಾಂ ಗೂಬೆಗೆ 1.65 ಬಂದರೆ ಉತ್ತರ 10.4. ಇದು ಲೋಹದ ಸಾಂದ್ರತೆ. ಶುದ್ಧ ಬೆಳ್ಳಿಗೆ 10.49, ಹಾಗಾಗಿ ಸರಿ. 1.90 ಬಂದರೆ ಉತ್ತರ 9ರ ಹತ್ತಿರ. ಅಂದರೆ ಒಳಗೆ ತಾಮ್ರವೋ ಬೇರೆ ಕಡಿಮೆ ಲೋಹವೋ ಇದೆ. ತಾಮ್ರದ ತಿರುಳಿಗೆ ಬೆಳ್ಳಿ ಹೊದಿಸಿದ ನಾಣ್ಯಗಳನ್ನು ಆ ಕಾಲದಲ್ಲೇ ಮಾಡುತ್ತಿದ್ದರು, ಅವೂ ಪ್ರಾಚೀನವೇ. ಆದರೆ ಬೆಳ್ಳಿ ನಾಣ್ಯದ ಬೆಲೆ ಕೊಡಬೇಡಿ. ಒಂದೆರಡು ಗ್ರಾಂ ನಾಣ್ಯಕ್ಕೆ ಈ ಪರೀಕ್ಷೆ ನಂಬುವಂತಿಲ್ಲ. ಒಳ್ಳೆಯ ಬೆಳ್ಳಿಯಲ್ಲೇ ಮಾಡಿದ ನಕಲಿಯೂ ಇದರಲ್ಲಿ ಪಾಸಾಗುತ್ತದೆ, ಅದಕ್ಕೇ ಹಂತ 3 ಬಿಡಬೇಡಿ ಅನ್ನುವುದು.

ಅಕ್ಕಸಾಲಿಗರ ಹತ್ತಿರ ಒರೆಗಲ್ಲಿಗೆ ಉಜ್ಜಿಸಬೇಡಿ. ಟಣ್ ಅನ್ನುತ್ತಾ ಅಂತ ಕಲ್ಲಿನ ಮೇಲೆ ಬೀಳಿಸಿ ನೋಡಬೇಡಿ. ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದ ಬೆಳ್ಳಿ ಒಳಗೊಳಗೇ ಹರಳುಗಟ್ಟಿ ಗಾಜಿನ ಹಾಗೆ ಒಡೆಯಬಹುದು.

ಹಂತ 6: ಪೂರ್ತಿ ಖರ್ಚು ಲೆಕ್ಕ ಹಾಕಿ

ಹರಾಜಿನಲ್ಲಿ ಕೂಗಿದ ಬೆಲೆಯೇ ಕೊನೆಯಲ್ಲ. ಅದರ ಮೇಲೆ ಕೊಳ್ಳುವವರ ಕಮಿಷನ್ ಇದೆ, ಸಾಮಾನ್ಯವಾಗಿ 20%ರ ಆಸುಪಾಸು. ಆಮೇಲೆ ವಿಮೆ, ಅಂಚೆ, ನಮ್ಮ ಕಸ್ಟಮ್ಸ್ ಸುಂಕ ಮತ್ತು ತೆರಿಗೆ. ಸುಂಕದ ದರ ಬದಲಾಗುತ್ತಿರುತ್ತದೆ, ಕೊಳ್ಳುವ ಮುಂಚೆ ಕಸ್ಟಮ್ಸ್ ಏಜೆಂಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಪೊಟ್ಟಣದ ಮೇಲೆ 'ಗಿಫ್ಟ್' ಅಂತ ಬರೆಯಿರಿ ಅಂತಾಗಲಿ, ಬೆಲೆ ಕಡಿಮೆ ತೋರಿಸಿ ಅಂತಾಗಲಿ ಮಾರುವವರನ್ನು ಕೇಳಲೇಬೇಡಿ. ನಿಮ್ಮ ನಾಣ್ಯದ ಕಾಗದ ಅಲ್ಲಿಗೇ ಕೆಟ್ಟಿತು.

ಹಂತ 7: ಮನೆಗೆ ಬಂದ ಮೇಲೆ

ತೊಳೆಯಬೇಡಿ. ನಮ್ಮ ಮನೆಗಳಲ್ಲಿ ತಾಮ್ರ, ಬೆಳ್ಳಿ ಅಂದರೆ ಹುಣಸೆಹಣ್ಣು, ವಿಭೂತಿ, ಸಬೀನಾ ಹಾಕಿ ಉಜ್ಜುವುದು ರೂಢಿ. ಪಾತ್ರೆಗೆ ಸರಿ. ನಾಣ್ಯದ ಮೇಲಿನ ಕಪ್ಪು, ಕಂದು, ಹಸಿರು ಪದರ ಕೊಳೆ ಅಲ್ಲ. ಶತಮಾನಗಳಿಂದ ಕೂತ ಆ ಪದರವೇ ಅದರ ಚೆಲುವು, ಅಸಲಿತನದ ಸಾಕ್ಷಿಯೂ ಹೌದು. ಹುಣಸೆಹಣ್ಣು ತಾಗಿದ ಐದು ನಿಮಿಷದಲ್ಲಿ ಅದು ಹೋಗುತ್ತದೆ, ಮತ್ತೆ ಬರುವುದಿಲ್ಲ. ಲಕ್ಷ್ಮಿ ಪೂಜೆಗೆ ಇಡಲೇಬೇಕು ಅನಿಸಿದರೆ ಡಬ್ಬಿಯಲ್ಲೇ ಇಟ್ಟು ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿ.

ಹಿಡಿಯುವಾಗ ಅಂಚನ್ನೇ ಹಿಡಿಯಿರಿ, ಕೆಳಗೆ ಮೆತ್ತನೆ ಬಟ್ಟೆ ಇರಲಿ. ಪೇಟೆಯಲ್ಲಿ ಸಿಗುವ ಮೆತ್ತಗಿನ ಪಿವಿಸಿ ಆಲ್ಬಮ್ ಬೇಡ, ಕೆಲವೇ ವರ್ಷದಲ್ಲಿ ಅದು ನಾಣ್ಯಕ್ಕೆ ಹಸಿರು ಅಂಟು ಬಿಡುತ್ತದೆ. ಗಟ್ಟಿಯಾದ ಮೈಲಾರ್ ಕವರ್ ತಗೊಳ್ಳಿ.

ಕರಾವಳಿಯವರು, ಮಲೆನಾಡಿನವರು ಕಂಚಿನ ನಾಣ್ಯದ ಬಗ್ಗೆ ಇನ್ನಷ್ಟು ಜೋಪಾನ. ಹಳೇ ಗಟ್ಟಿ ಕಿಲುಬಿನಿಂದ ತೊಂದರೆ ಇಲ್ಲ. ಆದರೆ ತಿಳಿ ಹಸಿರು ಪುಡಿ, ಉಗುರಿನಲ್ಲಿ ಕೆರೆದರೆ ಹಿಟ್ಟಿನಂತೆ ಉದುರುವುದು ಕಂಡರೆ ಅದು ಕಂಚಿನ ರೋಗ. ಒಳಗಿನ ಕ್ಲೋರೈಡ್ ಉಪ್ಪು ಗಾಳಿಯ ತೇವಕ್ಕೆ ಸೇರಿ ಲೋಹವನ್ನು ತಿನ್ನುತ್ತಿದೆ ಅಂತ ಅರ್ಥ. ಆ ನಾಣ್ಯವನ್ನು ತಕ್ಷಣ ಬೇರೆ ಇಡಿ, ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ತಿಳಿದವರಿಗೆ ತೋರಿಸಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಎಲ್ಲ ನಾಣ್ಯವನ್ನೂ ತೆಗೆದು ನೋಡಿ, ಜೆಲ್ ಬದಲಿಸಿ.

ಹಂತ 8: ಚೀಟಿ ಬರೆಯಿರಿ

ನಾಣ್ಯ ಬಂದ ದಿನವೇ ಬರೆಯಿರಿ, ನಾಳೆ ಅಂದರೆ ಮರೆತುಹೋಗುತ್ತದೆ. ನನ್ನ ಮೊದಲ ಸಿಂಹದ ಚೀಟಿ ಹೀಗಿದೆ:

ಕೆರ್ಸೊನೆಸಸ್, ಥ್ರೇಸ್. ಕ್ರಿ.ಪೂ. 4ನೇ ಶತಮಾನ. ಬೆಳ್ಳಿ, ಅರ್ಧ ಡ್ರಾಕ್ಮ. 2.31 ಗ್ರಾಂ, 13 ಮಿ.ಮೀ. ಮುಂಬದಿ: ಸಿಂಹದ ಮುಂಭಾಗ, ಹಿಂದೆ ನೋಡುತ್ತಿದೆ. ಹಿಂಬದಿ: ನಾಲ್ಕು ಭಾಗದ ಗುಣಿ, ಒಂದರಲ್ಲಿ ಚುಕ್ಕಿ, ಎದುರಿನದರಲ್ಲಿ ಚುಕ್ಕಿ ಮತ್ತು ಜೇನುನೊಣ. ಅಂಚಿನಲ್ಲಿ ಸಣ್ಣ ಸೀಳು.

ಚೀಟಿಯ ಹಿಂದೆ ಯಾರಿಂದ, ಯಾವಾಗ, ಎಷ್ಟಕ್ಕೆ, ಅದಕ್ಕೂ ಮುಂಚೆ ಎಲ್ಲಿತ್ತು ಅನ್ನುವುದು. ಬಿಲ್ಲು, ಕಸ್ಟಮ್ಸ್ ರಸೀದಿ, ಹಳೇ ಮಾಲೀಕರ ಚೀಟಿ ಇದ್ದರೆ ಅದೂ ಒಂದೇ ಲಕೋಟೆಯಲ್ಲಿ. ಎಲ್ಲದರ ಫೋಟೊ ಬೇರೆ ಕಡೆ. ಆ ಲಕೋಟೆ ಎಲ್ಲಿದೆ ಅಂತ ಮನೆಯಲ್ಲಿ ಒಬ್ಬರಿಗಾದರೂ ತೋರಿಸಿಡಿ. ಗೊತ್ತಿಲ್ಲದ ಮನೆಯವರು ಹಳೇ ಬೆಳ್ಳಿ ಅಂತ ಅಂಗಡಿಗೆ ತೂಕಕ್ಕೆ ಹಾಕಿದರೆ, ಆ ಸಿಂಹ ಮೂಸೆಯಲ್ಲಿ ಕರಗಿಹೋಗುತ್ತದೆ.